ಇವತ್ತು ಸಾಹೇಬರು ಆಫ್

ಒಂದು ಭಾನುವಾರ ಬೆಳಿಗ್ಗೆ, ಮುಂಬಯಿ ಹೊರವಲಯದ ಡೊಂಬಿವಲಿಯ ನಮ್ಮ ಮನೆಯ ಬಚ್ಚಲಲ್ಲಿ ಮುಖಕ್ಕೆ ಸಾಬೂನು ಹಚ್ಚಿಕೊಂಡು ನಿಂತಿದ್ದಾಗ ಹೊರಗಿನಿಂದ ‘ಅಪ್ಪಾ!’ ಎಂಬ ಕೂಗು ಕೇಳಿತು. ಕೂಗಿನಲ್ಲಿ ಅಳು ಬೆರೆತಿತ್ತು. ಖಾರಘರದ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಮಗಳು ಹಿಂದಿನ ದಿನವಷ್ಟೇ ಬಂದು ಉಳಿದಿದ್ದಳು. ಮದುವೆಯಾದ ಮಗಳು ಹಾಗೆ ಅಳುತ್ತ ಕರೆದರೆ ಮುಖ ತೊಳೆದುಕೊಂಡು ಬರುವಷ್ಟು ತಾಳ್ಮೆ ಯಾವ ತಂದೆಗಿದ್ದೀತು? ಕಣ್ಣು ಉರಿಸಿಕೊಂಡು, ಗೋಡೆ ತಡವುತ್ತ ಹೊರಗೆ ಬಂದು, ‘ಎಂಥದು ಮಗಾ, ಎಂಥ ಆಯ್ತು?’ ಎಂದೆ.

ಮಗಳು ಸೋಫಾದ ಮೇಲೆ ಕಾಲು ಮಡಚಿ ಕುಳಿತು ಚಹಾ ಕುಡಿಯುತ್ತಿದ್ದಳು. ಕರೆದದ್ದು ಅವಳಲ್ಲ, ಅವಳ ಫೋನು. ಅದರೊಳಗೆ ಬಿಳಿ ಕೋಟಿನ ಹುಡುಗಿಯೊಬ್ಬಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಮತ್ತೊಮ್ಮೆ ‘ಅಪ್ಪಾ!’ ಎಂದಳು.

‘ಕೊರಿಯನ್ ಸೀರಿಯಲ್ ಹೈ ಅಪ್ಪ. ಉನಮೇ ಭೀ ಅಪ್ಪಾ ಕೋ ಅಪ್ಪಾ ಹೀ ಬೋಲತೇ ಹೈಂ,’ ಎಂದಳು ಮಗಳು. ಅಮ್ಮನಿಗೂ ಅವರು ಹೆಚ್ಚುಕಡಿಮೆ ಅಮ್ಮ ಎಂದೇ ಅನ್ನುತ್ತಾರಂತೆ.

ನಮ್ಮ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳುತ್ತೇನೆ, ಇಲ್ಲೇ ಹುಟ್ಟಿ ಬೆಳೆದ ಮಗಳು ಹಿಂದಿಯಲ್ಲಿ ಉತ್ತರಿಸುತ್ತಾಳೆ, ಅಡುಗೆಮನೆಯಿಂದ ನನ್ನ ಹೆಂಡತಿ ತುಳುವಿನಲ್ಲಿ ತೀರ್ಪು ಕೊಡುತ್ತಾಳೆ. ಈ ವ್ಯವಸ್ಥೆ ಇಷ್ಟು ವರ್ಷ ಯಾವ ಮೇಲ್ಮನವಿಗೂ ಅವಕಾಶವಿಲ್ಲದಂತೆ ನಡೆದುಕೊಂಡು ಬಂದಿದೆ. ಅದರೊಳಗೆ ಕೊರಿಯಾ ದೇಶವೂ ಕಾಲಿಟ್ಟ ದಿನ ಅದು. ಅಂದಿನಿಂದ ನನಗೆ ಯಾವುದೂ ಸರಿಯಾಗಿ ಅರ್ಥವಾಗಿಲ್ಲ.

ಆಗ ನಾನು ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ವಸತಿ ಭಾಗದಲ್ಲಿ, ಕನ್ನಡದವರ ಒಂದು ಸಭಾಗೃಹದಲ್ಲಿ, ಭಾನುವಾರಗಳಂದು ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದೆ. ‘ಮಾತಾಡಲು’ ಎಂಬುದು ಬೋರ್ಡಿನ ಮೇಲೆ ಬರೆದಿದ್ದ ಮಾತು. ಠಾಣೆಯ ಕನ್ನಡ ಶಾಲೆಯೊಂದರಲ್ಲಿ ನಿವೃತ್ತಿಯವರೆಗೆ ಇಂಗ್ಲಿಷ್ ಕಲಿಸಿದವನು ನಾನು. ನನ್ನ ಅನುಭವದಲ್ಲಿ ಇಂಗ್ಲಿಷ್ ಎಂಬುದು ಮಾತಾಡುವ ವಸ್ತುವಾಗಿರಲಿಲ್ಲ. ಕರ್ತರಿಯಿಂದ ಕರ್ಮಣಿಗೆ ಬದಲಾಯಿಸುವ ವಸ್ತುವಾಗಿತ್ತು. ಭಾನುವಾರ ಬರುವವರೂ ದೊಡ್ಡವರೇ: ಕಾರ್ಖಾನೆಯವರು, ಕಟ್ಟಡ ಕೆಲಸದವರು, ಅಂಗಡಿಯವರು. ‘ರಾಮನು ಮಾವಿನ ಹಣ್ಣನ್ನು ತಿಂದನು’ ಎಂಬುದನ್ನು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ತಿರುಗಿಸಿ, ಮಾವಿನ ಹಣ್ಣು ರಾಮನಿಂದ ತಿನ್ನಲ್ಪಡುವ ಹೊತ್ತಿಗೆ ಹಿಂದಿನ ಸಾಲಿನವರು ವಡಾಪಾವ್‌ಗೆಂದು ಎದ್ದು ಹೋಗಿರುತ್ತಿದ್ದರು. ವಾರವಾರಕ್ಕೆ ತರಗತಿ ಸೊರಗುತ್ತಿತ್ತು.

ಎದ್ದು ಹೋಗದವಳು ಒಬ್ಬಳೇ. ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಕಲಬುರಗಿ ಕಡೆಯವಳು, ಕಲ್ಯಾಣದಲ್ಲಿ ಮನೆ. ಐರೋಲಿಯ ದೊಡ್ಡ ಗಾಜಿನ ಕಟ್ಟಡವೊಂದರಲ್ಲಿ ನೆಲ ಒರೆಸುವ, ಮೇಜು ಒರೆಸುವ ಕೆಲಸ. ಓದು ಏಳನೆಯ ತರಗತಿಯವರೆಗೆ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುವುದನ್ನು ನನ್ನ ಬಳಿಯೇ ಕಲಿತಳು. ಅವಳ ಉದ್ದೇಶವನ್ನು ಮೊದಲ ದಿನವೇ ಹೇಳಿದ್ದಳು.

‘ಬಾಗಲ ಸಮೀಪ ಒಂದು ಮೇಜದರಿ ಸರ. ಬಂದೋರ ಹೆಸರು ಕೇಳಿ, ಪಾಸ್ ಕೊಟ್ಟು, ಕೂಡ್ರಿ ಅಂತ ಹೇಳೂದು. ಅಲ್ಲಿ ಒಂದು ತಿರುಗೂ ಕುರ್ಚಿ ಅದ. ಅದನ್ನ ಒರೆಸಿ ಒರೆಸಿ ಸಾಕಾಗೇದ. ಒಂದ್ಸಲ ಅದರಾಗ ಕೂಡ್ಬೇಕು.’

ಮಳೆಗಾಲದಲ್ಲಿ ಆ ಮೇಜಿಗೆ ಇನ್ನೊಬ್ಬರು ಬೇಕಾದರು. ಒಳಗಿನವರೇ ಆದರೂ ನಡೆಯುತ್ತದೆ, ಆದರೆ ಇಂಗ್ಲಿಷಿನಲ್ಲಿ ಮಾತಾಡಿ ತೋರಿಸಬೇಕು ಎಂದು ಅಲ್ಲಿನ ಆಡಳಿತ ನೋಡಿಕೊಳ್ಳುವ ಸಾಹೇಬರು ಹೇಳಿದರು. ಗಣಪತಿ ಹಬ್ಬ ಕಳೆದ ಮೇಲೆ ಪರೀಕ್ಷೆ. ಅಕ್ಕ ಬಂದು ನನ್ನ ಮುಂದೆ ಕೈಕಟ್ಟಿ ನಿಂತಳು. ‘ಕೂಡಸ್ತೀರೇನ್ರಿ ಸರ ನನ್ನ?’

ನನ್ನಲ್ಲಿದ್ದದ್ದು ಮಾವಿನ ಹಣ್ಣು. ಈ ಸಂಕಟವನ್ನು ಮಗಳಿಗೆ ಹೇಳಿಕೊಂಡಾಗ ಅವಳು ಅದೇ ಫೋನನ್ನು ನನ್ನ ಮುಂದೆ ಹಿಡಿದಳು. ‘ಗ್ರಾಮರ್ ಸೇ ಕೋಯಿ ನಹೀಂ ಸೀಖತಾ ಅಪ್ಪ.’ ಜನ ತಮಗೆ ಇಷ್ಟವಾದದ್ದರ ಹಿಂದೆ ಹೋಗುತ್ತ ಭಾಷೆ ಕಲಿಯುತ್ತಾರೆ. ಸಿನಿಮಾ, ಹಾಡು, ಕ್ರಿಕೆಟ್, ಸೀರಿಯಲ್, ಯಾವುದಾದರೂ ಸರಿ, ಮೊದಲು ಕುತೂಹಲ ಹುಟ್ಟಬೇಕು ಎಂಬುದು ಅವಳ ಸಿದ್ಧಾಂತ. ಮಾತು ಕೊರಿಯನ್ ಆದರೇನು, ಕೆಳಗೆ ಇಂಗ್ಲಿಷಿನಲ್ಲಿ ಬರೆದು ಬರುತ್ತದಲ್ಲ? ಓದಿಸಿ, ನಿಲ್ಲಿಸಿ, ಹೇಳಿಸಿ.

‘ಕೊರಿಯನ್ ಕೇಳಿಸಿ ಇಂಗ್ಲಿಷ್ ಕಲಿಸುವುದಾ?’ ಎಂದೆ.

‘ತುಮ ಮರಾಠಿ ಸುನಕೇ ಹಿಂದಿ ನಹೀಂ ಸೀಖೇ?’ ಎಂದಳು. ಹೌದು, ಮರಾಠಿ ಕೇಳಿಕೊಂಡೇ ಹಿಂದಿ ಕಲಿತೆ. ಎರಡೂ ಸರಿಯಾಗಿ ಬರಲಿಲ್ಲ. ಈ ಉತ್ತರವನ್ನು ನಾನು ಹೇಳುವ ಮೊದಲೇ ಅಡುಗೆಮನೆಯಿಂದ ತೀರ್ಪು ಬಂತು, ಮಗಳ ಪರವಾಗಿ.

ಸಭಾಗೃಹದಲ್ಲಿ ದೊಡ್ಡ ಟಿವಿಯೊಂದಿತ್ತು. ಯಾರದೋ ಸನ್ಮಾನದ ನೆನಪಿಗೆ ಬಂದದ್ದು, ಸನ್ಮಾನದ ನಂತರ ಉರಿದದ್ದೇ ಇಲ್ಲ. ಮಗಳು ಬಂದು ಅದಕ್ಕೆ ಪ್ರಾಣ ತುಂಬಿದಳು. ಇದು ಆ ಆಸ್ಪತ್ರೆಯದಲ್ಲ, ಬೇರೆ ಸೀರಿಯಲ್. ಕಥೆ ಸರಳ: ಒಬ್ಬ ದೊಡ್ಡ ಕಂಪನಿಯ ಯಜಮಾನ, ಅವನ ಸೊಕ್ಕಿನ ಮಗ, ಅದೇ ಕಂಪನಿಯ ಕ್ಯಾಂಟೀನಿನ ಬಡ ಹುಡುಗಿ. ಮುಂದಿನದನ್ನು ನಮ್ಮ ತರಗತಿಯಲ್ಲಿ ಇಂಗ್ಲಿಷಿನ ಒಂದಕ್ಷರ ಬಾರದವನೂ ಹೇಳಬಲ್ಲ. ಆದರೆ ಮೊದಲ ದೃಶ್ಯದಲ್ಲೇ ಆ ಹುಡುಗಿ ‘ಅಪ್ಪಾ’ ಎಂದದ್ದೇ ತಡ, ವಿಜಯಪುರದ ಟೆಂಪೊ ಡ್ರೈವರನೊಬ್ಬ ಎದ್ದು ನಿಂತ. ತರಗತಿಯ ವಿನೋದಖಾತೆ ಅವನದೇ.

‘ಏ, ನಮ್ಮ ಮಂದಿ ಅದಾರಲೇ ಇವ್ರು! ಸರ, ಇವ್ರು ಇಂಡಿ ಕಡ್ಯಾವ್ರೇನ್ರಿ?’

‘ಕೂಡೋ ಸುಮ್ನ,’ ಎಂದಳು ಅಕ್ಕ. ‘ಆ ಪೋರಿ ಅಳ್ಲಕತ್ತಾಳ, ನಿಂಗ ಊರು ಬೇಕಾಗೇದ.’

ಆ ದಿನ ವಡಾಪಾವ್‌ಗೆ ಯಾರೂ ಏಳಲಿಲ್ಲ. ಮುಂದಿನ ವಾರ ಜನ ಹೆಚ್ಚಿದರು. ಅದರಾಚೆಯ ವಾರ ಪಕ್ಕದ ಕೋಣೆಯ ಭಜನಾ ಮಂಡಳಿಯ ಹೆಂಗಸರು ತಾಳ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. ನನ್ನ ವೃತ್ತಿಜೀವನದಲ್ಲಿ ಕಂಡರಿಯದ ಹಾಜರಿ. ಮಗಳು ದೃಶ್ಯ ನಿಲ್ಲಿಸುವಳು, ಎಲ್ಲರೂ ಕೆಳಗಿನ ಸಾಲನ್ನು ಒಟ್ಟಾಗಿ ಓದುವರು. ‘ಹೌ ಡೇರ್ ಯು!’ ಎಂದು ಇಡೀ ಸಭಾಗೃಹ ಒಕ್ಕೊರಲಿನಿಂದ ಕೇಳಿದಾಗ ಕೆಳಗೆ ಇಸ್ತ್ರಿ ಮಾಡುವವನು ಮೇಲೆ ಬಂದು ನೋಡಿ ಹೋದ.

ಅವರು ಕಲಿಯುತ್ತಿದ್ದರೇ? ಇಲ್ಲಿಂದಲೇ ನನ್ನ ಗೊಂದಲ ಶುರು. ಏನನ್ನೋ ಕಲಿಯುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ಟೆಂಪೊದವನು ಬರುವಾಗ ಸೊಂಟದವರೆಗೆ ಬಗ್ಗಿ ನಮಸ್ಕರಿಸಿ ‘ಐ ಆಮ್ ಸಾರಿ, ಡೈರೆಕ್ಟರ್’ ಎನ್ನತೊಡಗಿದ. ಯಾವ ತಪ್ಪಿಗೆ ಎಂದು ಕೇಳಿದರೆ, ‘ಮುಂಗಡ ಹೇಳಿಟ್ಟೀನ್ರಿ’ ಎನ್ನುವನು. ಆ ಸೀರಿಯಲಿನಲ್ಲಿ ಜನ ಎದುರುಬದುರಾದರೆ ಸಾಕು, ಜಗಳವಿರಲಿ ಪ್ರೇಮವಿರಲಿ, ‘ಹ್ಯಾವ್ ಯು ಈಟನ್?’ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಅಕ್ಕನಿಗೆ ಅದು ಕಣ್ಣಿಗೆ ಬಿದ್ದೊಡನೆ ಬಾಯಿಗೆ ಬಂತು. ‘ಊಟ ಆಯ್ತಾ ಅಂತ ಅಲ್ಲೂ ಕೇಳ್ತಾರಲ್ರಿ! ಇಂಗ್ಲಿಷಿನ್ಯಾಗ ಇಂಥಾ ಛಲೋ ಮಾತು ಅದಾವ ಅಂತ ನೀವು ಹೇಳಿದ್ದೇ ಇಲ್ಲ.’ ಇಂಗ್ಲಿಷಿನವರು ಹಾಗೆ ಕೇಳುವುದಿಲ್ಲ, ಅವರು ಹವಾಮಾನ ಕೇಳುತ್ತಾರೆ ಎಂದೆ. ‘ಮಳಿ ಆಯ್ತಾ ಅಂತ ಕೇಳಿದ್ರ ಹೊಟ್ಟಿ ತುಂಬ್ತದೇನ್ರಿ?’ ಎಂದಳು. ನಾನು ಬೋರ್ಡಿನ ಮೇಲಿನ ಮಾವಿನ ಹಣ್ಣನ್ನು ಒರೆಸಿದೆ.

ಆದರೂ ಪರೀಕ್ಷೆ ಹತ್ತಿರವಾದಾಗ ನಾನು ಒಂದು ವಾರ ಟಿವಿ ಮುಚ್ಚಿಸಿ, ಕೊರಿಯಾವನ್ನು ಕೊರಿಯಾಕ್ಕೆ ಕಳಿಸಿ, ಸೀಮೆಸುಣ್ಣ ಹಿಡಿದೆ. ಮೇಜಿನ ಕೆಲಸಕ್ಕೆ ಬೇಕಾದ ಸಂಭಾಷಣೆ ಬರೆದೆ. ಬಂದವರು ಕೇಳುತ್ತಾರೆ: ‘ಈಸ್ ದಿ ಮ್ಯಾನೇಜರ್ ಇನ್?’ ಮೇಜಿನವಳು ಹೇಳುತ್ತಾಳೆ: ‘ನೋ, ಹೀ ಈಸ್ ಆಫ್ ಟುಡೇ.’ ಗಂಭೀರವಾಗಿ ಓದಿ, ತಿರುಗಿ ನೋಡಿದೆ.

ಅಕ್ಕ ಎರಡೂ ಗಲ್ಲ ಬಡಿದುಕೊಂಡು ‘ಶಿವ ಶಿವಾ’ ಎನ್ನುತ್ತಿದ್ದಳು. ಇನ್ನೊಬ್ಬರು ‘ಪಾಪ’ ಎಂದರು. ಟೆಂಪೊದವನು ತಲೆಯ ಟೋಪಿ ತೆಗೆದು, ‘ಯಾವಾಗ ಆಫ್ ಆದ್ರೀ ಸರ? ಹಾರ್ಟ್ ಅಟ್ಯಾಕಾ?’ ಎಂದ.

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ತಿಳಿದು ಇನ್ನೂ ಗೊಂದಲವಾಯಿತು. ಈ ಊರುಗಳಲ್ಲಿ ಯಾರಾದರೂ ತೀರಿಕೊಂಡರೆ ಸತ್ತರು ಅನ್ನುವುದಿಲ್ಲ, ಆಫ್ ಆದರು ಅನ್ನುತ್ತಾರೆ. ಮರಾಠಿ ನೆರೆಯವರು ‘ಆಜೋಬಾ ಆಫ್ ಝಾಲೇ’, ಅಜ್ಜ ಆಫ್ ಆದರು, ಎಂದು ಬಂದು ಹೇಳುತ್ತಾರೆ, ನಾವು ಚಪ್ಪಲಿ ಮೆಟ್ಟಿ ಹೊರಡುತ್ತೇವೆ. ನಾನೇ ಎಷ್ಟೋ ಸಲ ಹಾಗೆ ಹೇಳಿದ್ದೇನೆ. ಆದರೆ ತರಗತಿಯೊಳಗೆ ‘ಆಫ್’ ಎಂಬುದು ನನಗೆ ಬರೇ ಒಂದು ವ್ಯಾಕರಣದ ತುಣುಕಾಗಿತ್ತು. ಅದರ ಹಿಂದೆ ಹೆಣವಿರಬಹುದೆಂದು ಹೊಳೆದಿರಲಿಲ್ಲ.

‘ಅಲ್ಲ, ವೀಕ್ಲಿ ಆಫ್ ಅಂತೀರಲ್ಲ ನೀವೇ! ಅದು ರಜೆ ಅಲ್ವಾ?’ ಎಂದೆ.

‘ಅದು ಆಫ್ ಇರೂದ್ರಿ,’ ಎಂದಳು ಅಕ್ಕ ತಾಳ್ಮೆಯಿಂದ. ‘ಇದು ಆಫ್ ಆಗೂದು.’

ಅಂದರೆ ಆಫ್ ಇದ್ದರೆ ರಜೆ, ಆಫ್ ಆದರೆ ಮರಣ. ನಿಯಮ ಸ್ಪಷ್ಟವಾಗಿತ್ತು. ಈಗ ಇಂಗ್ಲಿಷಿನ ‘ಈಸ್’ ಎಂಬುದು ಇದ್ದದ್ದೋ ಆದದ್ದೋ? ಅದು ಎರಡೂ ಹೌದು. ಬೇಡ, ಬೇರೆ ಹೇಳೋಣವೆಂದು ‘ಹೀ ಹ್ಯಾಸ್ ಗಾನ್’ ಎಂದೆ. ಹೋದರು! ಕನ್ನಡದಲ್ಲೇ ಅದು ಕೆಟ್ಟದ್ದು. ‘ಹೀ ಹ್ಯಾಸ್ ಲೆಫ್ಟ್’ ಎಂದೆ. ‘ಬಿಟ್ಟು ಹೋದ್ರಾ?’ ಎಂದರು. ‘ಹೋಗಲಿ, ಹೀ ಈಸ್ ಲೇಟ್, ತಡವಾಗಿ ಬರುತ್ತಾರೆ ಅನ್ನಿ,’ ಎಂದೆ ಸೋತು. ಟೆಂಪೊದವನು ಬೆರಳು ಎತ್ತಿದ. ‘ಸರ, ಲಗ್ನಪತ್ರದಾಗ ಲೇಟ್ ಅಂತ ಬರೀತಾರಲ್ರಿ ಹೆಸರಿನ ಮುಂದ. ಅವ್ರು ಎಂದು ಬರ್ತಾರ್ರಿ ತಡಾ ಮಾಡಿ?’

ಇಂಗ್ಲಿಷಿನಲ್ಲಿ ಒಬ್ಬ ಮನುಷ್ಯ ಆಫೀಸಿಗೆ ಬಾರದೆಯೂ ಜೀವಂತ ಇರಲು ಸಾಧ್ಯವೇ ಎಂಬ ಮೂಲಭೂತ ಪ್ರಶ್ನೆ ಅಂದು ಎದ್ದಿತು. ಕೊನೆಗೆ ‘ಆನ್ ಲೀವ್’ ಎಂದು ಬರೆಸಿ ಬಾಯಿಪಾಠ ಮಾಡಿಸಿದೆ. ಅಕ್ಕ ಮಾಡಿದಳು. ಆದರೆ ಅವಳ ಮುಖದಲ್ಲಿ ನಂಬಿಕೆ ಇರಲಿಲ್ಲ. ‘ಲೀವ್’ ಎಂದರೂ ಬಿಡುವುದೇ ಅಲ್ಲವೇ ಎಂಬ ಸಂಶಯ ಅಲ್ಲಿ ಸುಳಿಯುತ್ತಿತ್ತು.

ಪರೀಕ್ಷೆಯ ದಿನ ನಾನೂ ಬರಬೇಕೆಂದು ಹಟ ಹಿಡಿದಳು. ‘ಒಳಗ ಬರಬ್ಯಾಡ್ರಿ. ಹೊರಗ ಕೂಡ್ರಿ, ಸಾಕು. ಹೆದರಿಕಿ ಆಗಲ್ಲ.’ ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋದೆವು. ಅವಳು ಹೊಸ ಸೀರೆಗೆ ಪಿನ್ನು ಹಾಕಿ, ಕೆಲಸದ ನೀಲಿ ಕೋಟನ್ನು ಚೀಲದಲ್ಲಿಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ತುಟಿ ಆಡುತ್ತಿತ್ತು. ನನ್ನದೂ ಆಡುತ್ತಿತ್ತು ಎಂದು ಆಮೇಲೆ ಅವಳೇ ಹೇಳಿದಳು.

ಗಾಜಿನ ಬಾಗಿಲೊಳಗೆ ಆ ಮೇಜು ಕಂಡಿತು, ಅದರ ಹಿಂದೆ ತಿರುಗುವ ಕುರ್ಚಿ. ಅಲ್ಲಿದ್ದ ಹುಡುಗಿಯನ್ನು ಎಬ್ಬಿಸಿ, ಸಾಹೇಬರು ಅಕ್ಕನಿಗೆ ಕೂರಲು ಹೇಳಿದರು. ಅಕ್ಕ ಕುರ್ಚಿಯ ತುದಿಗೆ, ಬಿದ್ದರೆ ತನ್ನದೇ ಜವಾಬ್ದಾರಿ ಎನ್ನುವಂತೆ ಕುಳಿತಳು. ಸಾಹೇಬರು ನನ್ನ ಮಗಳಿಗಿಂತ ಚಿಕ್ಕವರು. ಕೊರಳಲ್ಲಿ ಗುರುತುಚೀಟಿಯ ಪಟ್ಟಿ, ಕೈಯಲ್ಲಿ ಕಾಫಿ. ಸೋಫಾದಲ್ಲಿದ್ದ ನನ್ನನ್ನು ಕಂಡು ಯಾರೆಂದು ಕೇಳಿದರು. ‘ಮೈ ಇಂಗ್ಲಿಷ್ ಸರ್,’ ಎಂದಳು ಅಕ್ಕ. ಸಾಹೇಬರಿಗೆ ಖುಷಿಯೋ ಖುಷಿ. ‘ಪರ್ಫೆಕ್ಟ್! ಅಂಕಲ್, ನೀವೇ ವಿಸಿಟರ್ ಆಗಿ,’ ಎಂದರು ಇಂಗ್ಲಿಷಿನಲ್ಲಿ. ನಾನು ಅವರನ್ನು ಕಾಣಲು ಬಂದವನು. ಅಕ್ಕ ಉತ್ತರಿಸಬೇಕು. ಆಮೇಲೆ ಅವಳ ಕಡೆ ತಿರುಗಿ ಹೇಳಿದರು: ‘ಸೇ, ಐ ಆಮ್ ಆಫ್ ಟುಡೇ. ಟೆಲ್ ಹಿಮ್.’

ಅಕ್ಕ ಸಾಹೇಬರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಮದುವೆಯ ವಯಸ್ಸಿನ, ಕಾಫಿ ಕುಡಿಯುತ್ತಿರುವ, ಆರೋಗ್ಯವಂತ ಮನುಷ್ಯ.

ನಾನು ಮೇಜಿನ ಮುಂದೆ ಹೋಗಿ ನಿಂತು, ಕಲಿಸಿದಂತೆಯೇ ಕೇಳಿದೆ. ‘ಈಸ್ ದಿ ಮ್ಯಾನೇಜರ್ ಇನ್?’ ಕಣ್ಣಿನಲ್ಲಿ ‘ಆನ್ ಲೀವ್, ಆನ್ ಲೀವ್’ ಎಂದು ಸಾರುತ್ತಿದ್ದೆ. ಅವಳು ನನ್ನ ಕಣ್ಣು ನೋಡಲಿಲ್ಲ.

‘ಸರ್ ಈಸ್ ವೆರಿ ಫೈನ್,’ ಎಂದಳು ಗಟ್ಟಿಯಾಗಿ. ‘ನೋ ಪ್ರಾಬ್ಲಂ. ಸರ್ ಈಸ್ ಇನ್ ಹಿಸ್ ಹೌಸ್. ಟುಮಾರೊ ಸರ್ ವಿಲ್ ಕಮ್, ಶೂರ್.’ ಹೀಗೆ ಸಾಹೇಬರ ಆಯುಷ್ಯವನ್ನು ನಾಳೆಯವರೆಗೆ ಖಾತ್ರಿಪಡಿಸಿದ ಮೇಲೆ ನಿರಾಳವಾಗಿ ಉಸಿರುಬಿಟ್ಟು, ಮೇಜಿನ ಮೇಲೆ ಬಾಗಿ ಕೇಳಿದಳು: ‘ಹ್ಯಾವ್ ಯು ಈಟನ್?’

ಮುಂದಿನದು ನನಗೆ ಈಗಲೂ ವಿವರಿಸಲಾಗದ ಘಟನೆ. ಜೀವಮಾನವಿಡೀ ಇಂಗ್ಲಿಷ್ ಕಲಿಸಿದ ನನ್ನ ಬಾಯಿ ತನ್ನಷ್ಟಕ್ಕೆ ತೆರೆದು, ‘ಇನ್ನೂ ಇಲ್ಲಮ್ಮ’ ಎಂದಿತು.

ಸಾಹೇಬರು ನನ್ನನ್ನೂ ಅವಳನ್ನೂ ನೋಡಿದರು. ಅಕ್ಕ ಗಾಬರಿಯಾಗಲಿಲ್ಲ. ‘ಹೀ ಈಸ್ ಸೇಯಿಂಗ್ ನಾಟ್ ಯೆಟ್,’ ಎಂದು ಅವರಿಗೆ ತಿಳಿಸಿ, ನನ್ನ ಕಡೆ ತಿರುಗಿ, ‘ಪ್ಲೀಸ್ ಸಿಟ್. ಕ್ಯಾಂಟೀನ್ ಈಸ್ ದೇರ್,’ ಎಂದು ಎಡಗಡೆಗೆ ಕೈ ತೋರಿಸಿದಳು. ಕ್ಯಾಂಟೀನು ನಿಜವಾಗಿಯೂ ಎಡಗಡೆಗೇ ಇತ್ತು.

ಸಾಹೇಬರು ನಕ್ಕರೋ, ಕೆಮ್ಮಿದರೋ, ಕಾಫಿ ಅಡ್ಡವಿದ್ದುದರಿಂದ ತಿಳಿಯಲಿಲ್ಲ. ಫೋನಿನಲ್ಲಿ ಏನನ್ನೋ ಒತ್ತಿ, ನನ್ನ ಕಡೆ ನೋಡಿ, ‘ಓಕೆ ಅಂಕಲ್. ಮಂಡೇಯಿಂದ ಅವರನ್ನು ಫ್ಲೋಟರ್ ಮಾಡ್ತೀವಿ’ ಎಂಬರ್ಥದ ಇಂಗ್ಲಿಷ್ ವಾಕ್ಯ ಹೇಳಿ ಲಿಫ್ಟಿನೊಳಗೆ ಮಾಯವಾದರು.

ಹೊರಗೆ ಬಂದ ಕೂಡಲೇ ಅಕ್ಕ ನನ್ನ ತೋಳು ಹಿಡಿದಳು. ‘ಏನಂದ್ರಿ ಸರ? ಆಯ್ತೋ ಇಲ್ಲೋ?’

ಫ್ಲೋಟರ್. ನನಗೆ ಗೊತ್ತಿದ್ದ ಫ್ಲೋಟರುಗಳು ಎರಡು. ಒಂದು, ಮಳೆಗಾಲದಲ್ಲಿ ಕಾಲಿಗೆ ಹಾಕುವ ಪಟ್ಟಿ ಚಪ್ಪಲಿ. ಎರಡು, ಪೊರೆ ತೆಗೆಸಿಕೊಂಡ ಮೇಲೆ ನನ್ನ ಕಣ್ಣೊಳಗೆ ಈಜಾಡುವ ಕಪ್ಪು ಚುಕ್ಕೆ. ಅದಕ್ಕೂ ಡಾಕ್ಟರು ಅದೇ ಹೆಸರು ಹೇಳಿದ್ದರು. ಸೋಮವಾರದಿಂದ ಅಕ್ಕ ಇವೆರಡರಲ್ಲಿ ಯಾವುದಾಗುತ್ತಾಳೆ?

‘ತೇಲುವವರು ಅಂತ ಅರ್ಥ,’ ಎಂದೆ.

‘ತೇಲಿಸಿಬಿಟ್ರಾ ಹಂಗಾದ್ರ?’ ಅವಳ ದನಿ ಇಳಿಯಿತು.

‘ಮುಳುಗಿಸಲಿಲ್ಲ, ಅಷ್ಟು ಖಂಡಿತ,’ ಎಂದೆ. ಸಮಾಧಾನ ಹೇಳುವುದರಲ್ಲಿ ನಾನು ಯಾವತ್ತೂ ಹಿಂದೆ.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಮಗಳಿಗೆ ಫೋನು ಮಾಡಿ, ಸ್ಪೀಕರು ಹಾಕಿದೆ. ಮಗಳು ಕಿರುಚಿದಳು. ‘ಮಿಲ್ ಗಯಾ ಅಪ್ಪ! ಅಕ್ಕಾ, ಕಾಂಗ್ರಾಟ್ಸ್!’ ಆಮೇಲೆ ಬಿಡಿಸಿ ಹೇಳಿದಳು. ಮೇಜಿನ ಕಾಯಂ ಹುಡುಗಿ ಊಟಕ್ಕೆ, ಚಹಾಕ್ಕೆ, ರಜೆಗೆ ಹೋದಾಗ ಆ ಜಾಗದಲ್ಲಿ ಕೂರುವವರು ಫ್ಲೋಟರ್. ಉಳಿದ ಹೊತ್ತು ಅಲ್ಲೇ ಒಳಗೆ ಬೇರೆ ಸಣ್ಣಪುಟ್ಟ ಕೆಲಸ. ನೆಲ ಒರೆಸುವುದಿಲ್ಲ. ‘ದೇಖಾ? ಸೀರಿಯಲ್ ಸೇ ಹುವಾ ನಾ?’ ಎಂದು ನನಗೊಂದು ಕೊಟ್ಟಳು.

ಸೀರಿಯಲಿನಿಂದ ಆಯಿತೇ? ಸೀರಿಯಲಿನ ಆ ಪ್ರಶ್ನೆಯನ್ನು ಯಾವ ಇಂಗ್ಲಿಷ್ ಆಫೀಸಿನಲ್ಲೂ ಯಾರೂ ಕೇಳುವುದಿಲ್ಲ. ನಾನು ಬಾಯಿಪಾಠ ಮಾಡಿಸಿದ್ದನ್ನು ಅವಳು ಹೇಳಲೇ ಇಲ್ಲ. ವಿಸಿಟರು ಕನ್ನಡದಲ್ಲಿ ಉತ್ತರಿಸಿದ. ಇಷ್ಟೆಲ್ಲ ತಪ್ಪುಗಳ ಮೊತ್ತ ಹೇಗೆ ಒಂದು ನೌಕರಿಯಾಯಿತು ಎಂಬುದನ್ನು ನಾನು ಠಾಣೆ ಕಡೆಯ ಗಾಡಿ ಹತ್ತಿದ ಮೇಲೂ ಯೋಚಿಸಿದೆ, ಈಗಲೂ ಯೋಚಿಸುತ್ತೇನೆ. ಆ ಸಾಹೇಬರನ್ನು ಕೇಳಿ ತಿಳಿಯಬಹುದಿತ್ತು. ಆದರೆ ಅವರ ಇಂಗ್ಲಿಷ್ ನನಗೆ ಅರ್ಥವಾಗುವುದಿಲ್ಲ.

ಅಕ್ಕನೂ ಯೋಚಿಸುತ್ತಿದ್ದಳು. ‘ಅಂದ್ರ, ಅಕಿ ಎದ್ದಾಗ ನಾ ಕೂಡೂದು,’ ಎಂದಳು ಕೊನೆಗೆ.

‘ಹೌದು.’

‘ಅಕಿ ಬಂದ ಕೂಡ್ಲೇ ನಾ ಏಳೂದು.’

‘ಹೌದು.’ ಅವಳಿಗೆ ಬೇಸರವಾಗಿರಬೇಕೆಂದು ನಾನು ಕಿಟಕಿಯ ಕಡೆ ನೋಡಿದೆ.

‘ಏಳೂಮುಂದ ಇಂಗ್ಲಿಷಿನ್ಯಾಗ ಏನರೆ ಅನ್ಬೇಕಲ್ರಿ. ಸುಮ್ನ ಹೆಂಗ ಏಳೂದು? ಏನನ್ಲಿ?’

ಪಾಠಪುಸ್ತಕಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿದೆ. ದಯಮಾಡಿ ತಮ್ಮ ಆಸನವನ್ನು ಪುನಃ ಅಲಂಕರಿಸಿ ಎಂಬಂಥದ್ದೇ ಸಿಕ್ಕವು. ಮತ್ತೆ ಮಗಳಿಗೆ ಫೋನು ಹಚ್ಚಿದೆ. ಅವಳು ಯೋಚಿಸಲೂ ಇಲ್ಲ. ‘ಸಿಂಪಲ್ ಹೈ. ಇಟ್ಸ್ ಆಲ್ ಯುವರ್ಸ್, ಬೋಲನೇ ಕಾ.’

ಅಕ್ಕ ಅದನ್ನು ಒಂದೊಂದೇ ಪದವಾಗಿ ಹೇಳಿಕೊಂಡಳು. ಅರ್ಥ ಕೇಳಿದಳು. ಎಲ್ಲ ನಿನ್ನದೇ ಅಂತ, ಎಂದೆ.

ಅವಳ ಹುಬ್ಬು ಮೇಲೇರಿತು. ‘ಎಲ್ಲಾ ನಿಂದೇ ಅಂತ ನಾ ಯಾಕ ಅನ್ಲಿ? ನಂದೂ ಅದನಲ್ಲ ಅದರಾಗ!’ ಎಂದು ಚೀಲವನ್ನು ಮಡಿಲಿಗೆಳೆದುಕೊಂಡಳು. ‘ಬ್ಯಾರೆ ಹೇಳ್ರಿ ಸರ.’

ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಡೊಂಬಿವಲಿಯ ಗಾಡಿ ಹಿಡಿದು ನಾನು ನನ್ನ ಸ್ಟೇಷನ್ನಿನಲ್ಲಿ ಇಳಿಯುವವರೆಗೂ ನನಗೆ ಬೇರೆ ಹೊಳೆಯಲಿಲ್ಲ. ಅವಳು ಕಲ್ಯಾಣದ ಕಡೆ ಮುಂದೆ ಹೋದಳು, ಬಾಗಿಲಲ್ಲಿ ನಿಂತು, ಸೋಮವಾರದೊಳಗೆ ಹುಡುಕಿ ಇಡಿ ಎಂದು ಕೈಸನ್ನೆ ಮಾಡುತ್ತ.